ನಿಮಿಷದ ಮೇಷ್ಟ್ರು

ಫೆಬ್ರವರಿ ೨೩, ಭಾನುವಾರ
ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಿಡತೆಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನಿನ್ನ ಅಪ್ಪನದಾಗಿತ್ತು. ಮೂರು ವರ್ಷದವಳಿದ್ದಾಗ ನೀನು ನಡೆಯುವುದನ್ನೇ ಮರೆತವಳ ಹಾಗೆ ಮಂಚದಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಬೀದಿಗೆ ಹಾರುತ್ತಿದ್ದೆ. ಸೇನೆಯಿಂದ ರಜೆಯ ಮೇಲೆ ಬಂದಿದ್ದ ಅವರು ಅದನ್ನು ನೋಡಿ ಇಟ್ಟ ಹೆಸರು. ಕರೆಯುವವರೇ ಹೋದ ಮೇಲೆ ಅದೂ ಹೋಗಬಾರದೆಂದು ನಾನು ಎತ್ತಿಕೊಂಡಿದ್ದೇನೆ. ಸಿಟ್ಟು ಬಂದರೆ ಆ ಒಂದು ಸಾಲನ್ನು ಹೊಡೆದುಹಾಕು, ಆದರೆ ಮುಂದಿನದನ್ನು ಓದು.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಷ್ಟೇ ಇದೆ. ಹಿತ್ತಲ ನಲ್ಲಿ ರಿಪೇರಿ ಮಾಡಿಸಿದೆ. ಫೋನಿನಲ್ಲಿ ನಾವು ಆಡುವುದು ಇಷ್ಟೇ ಅಲ್ಲವೇ? ಊಟ ಆಯಿತಾ ಎಂದು ನೀನು ಕೇಳುತ್ತೀ, ಆಯಿತು ಎಂದು ನಾನು ಹೇಳುತ್ತೇನೆ, ಆಮೇಲೆ ಫೋನು ಇಡುತ್ತೇವೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಕಳೆದ ಮಂಗಳವಾರ ಕುಳ್ಳ ಬಂದಿದ್ದ. ನಿನ್ನ ಜೊತೆ ಓಡುತ್ತಿದ್ದ ಅದೇ ಕುಳ್ಳ. ಈಗ ಆರಡಿ ಬೆಳೆದಿದ್ದಾನೆ, ಬಸ್ಸು ಓಡಿಸುತ್ತಾನೆ, ಇಬ್ಬರು ಮಕ್ಕಳ ತಂದೆ. ಆದರೂ ಮೈದಾನದಲ್ಲಿ ಬಿದ್ದ ಹೆಸರು ಅವನನ್ನು ಬಿಟ್ಟಿಲ್ಲ. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದವನು ಬಾಗಿಲಲ್ಲಿ ಬೂಟು ಬಿಚ್ಚಿ, ಅಪ್ಪ ಕಲಿಸಿದ ಹಾಗೆ ಮೂತಿ ಹೊರಗೆ ಮಾಡಿ ಜೋಡಿಸಿಟ್ಟು ಒಳಗೆ ಬಂದ. ಮೈದಾನದ ಶೆಡ್ಡಿಗೆ ಅಪ್ಪನ ಹೆಸರು ಬರೆಸುತ್ತಾರಂತೆ. ಮಾರ್ಚ್ ಮೂವತ್ತರ ಭಾನುವಾರ ಹಳೆಯ ಮಕ್ಕಳು, ಹೊಸ ಮಕ್ಕಳು ಎಲ್ಲ ಸೇರಿ ಅವರ ನೆನಪಿಗೆ ಒಂದು ಸುತ್ತು ಓಡುತ್ತಾರಂತೆ. ನನ್ನಿಂದ ಎರಡು ಕೆಲಸ ಆಗಬೇಕಂತೆ. ಅಪ್ಪನ ಜೀವನವನ್ನು ಒಂದು ಪುಟದಲ್ಲಿ ಬರೆದುಕೊಡಬೇಕು, ಅವನು ಅಚ್ಚು ಹಾಕಿಸಿ ಹಂಚುತ್ತಾನೆ. ಮತ್ತೆ ಆ ಓಟದ ಹೊತ್ತು ಅಳೆಯಲು ಒತ್ತುಗುಂಡಿಯ ಗಡಿಯಾರ ನಾನೇ ಹಿಡಿಯಬೇಕು. "ಗಡಿಯಾರದಮ್ಮ ಇಲ್ದೆ ನಮ್ಮ ಮೈದಾನದಲ್ಲಿ ಓಟ ಆಗಿದ್ಯಾ ಅಮ್ಮಾ" ಎಂದ. ನೋಡೋಣ ಎಂದೆ.

ಆ ಒಂದು ಪುಟ ಐದು ದಿನದಿಂದ ನನ್ನ ಜೀವ ತಿನ್ನುತ್ತಿದೆ. "ಹದಿನೆಂಟು ವರ್ಷ ಸೇನೆಯಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ಮಕ್ಕಳಿಗೆ ಓಟ ಕಲಿಸಿ, ಸಂಸಾರವಂದಿಗರಾಗಿ" ಎಂದು ಬರೆದೆ. ಸಂಸಾರ ಎಂದು ಬರೆದದ್ದೇ ಪೆನ್ನು ನಿಂತಿತು. ಹರಿದೆ. ಮತ್ತೆ ಬರೆದೆ, ಮತ್ತೆ ಅಲ್ಲಿಗೇ ಬಂದು ನಿಂತಿತು. ಅಡುಗೆಮನೆಯ ಬುಟ್ಟಿಯಲ್ಲಿ ಈಗ ನಾಲ್ಕು ಗಂಡಂದಿರು ಮುದುಡಿಕೊಂಡು ಬಿದ್ದಿದ್ದಾರೆ. ಕುಳ್ಳನಿಗೆ ಬೇಕಾದ ಪುಟ ಬರೆಯುವ ಮೊದಲು ನಿನಗೆ ಒಂದು ವಿಷಯ ಬರೆಯಬೇಕು, ಅದಿಲ್ಲದೆ ಇದು ಮುಂದಕ್ಕೆ ಹೋಗುವುದಿಲ್ಲ ಎಂದು ಇವತ್ತು ಬೆಳಿಗ್ಗೆ ಗೊತ್ತಾಯಿತು.

ನಾನು ಸುತ್ತಿ ಬಳಸಿ ಬರುತ್ತೇನೆ. ಸಹಿಸಿಕೋ.

ಮದುವೆಯಾದಾಗ ಅವರು ಫಿರಂಗಿ ದಳದಲ್ಲಿದ್ದರು. ಅಲ್ಲಿಂದ ಹದಿನಾರು ವರ್ಷಗಳಲ್ಲಿ ನಾವು ಒಂದೇ ಸೂರಿನ ಕೆಳಗೆ ಇದ್ದ ದಿನಗಳನ್ನು ಒಮ್ಮೆ ಕೂತು ಕೂಡಿಸಿದ್ದೆ, ಎರಡು ವರ್ಷ ತುಂಬಲಿಲ್ಲ. ನೀನು ಹುಟ್ಟಿದಾಗ ಅವರಿರಲಿಲ್ಲ. ನಿನಗೆ ದಡಾರ ಬಂದಾಗ ಇರಲಿಲ್ಲ. ನೀನು ಮೆಟ್ಟಿಲಿನಿಂದ ಬಿದ್ದು ಗಲ್ಲ ಒಡೆದುಕೊಂಡಾಗ ನಿನ್ನನ್ನು ಹೊತ್ತು ಆಸ್ಪತ್ರೆಗೆ ಓಡಿದವಳು ನಾನು. ತಿಂಗಳಿಗೆ ಎರಡು ಕಾಗದ ಬರುತ್ತಿದ್ದವು. ಎರಡರಲ್ಲೂ ಹವೆ ಚೆನ್ನಾಗಿದೆ ಎಂದಿರುತ್ತಿತ್ತು, ಎಲ್ಲಿಯ ಹವೆ ಎಂದು ಬರೆಯುವಂತಿರಲಿಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಅವನು ಮನೆ ದಾಟಿ ಹೋದರೂ ಕಷ್ಟ, ನಿಂತರೂ ಕಷ್ಟ. ರಜೆ ಮುಗಿಯುವ ಹಿಂದಿನ ದಿನ ಆ ಹಸಿರು ತಗಡಿನ ಪೆಟ್ಟಿಗೆ ಬಾಗಿಲ ಪಕ್ಕಕ್ಕೆ ಬಂದು ಕೂರುತ್ತಿತ್ತು. ಅದರ ಪಕ್ಕದಲ್ಲಿ ಓಡಾಡುತ್ತಲೇ ನಾನು ಅಡುಗೆ ಮಾಡಬೇಕು, ಬಡಿಸಬೇಕು, ನಗಬೇಕು. ಆ ಪೆಟ್ಟಿಗೆಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಸವತಿಯ ಮೇಲೂ ಇರುತ್ತಿರಲಿಲ್ಲ.

ನಿನಗೆ ಹದಿನಾಲ್ಕು ತುಂಬಿದ ವರ್ಷ ಬಲಗೈಗೆ ಪಟ್ಟಿ ಸುತ್ತಿಕೊಂಡು, ಇನ್ನು ಹೋಗುವುದಿಲ್ಲ ಎಂದು ಬಂದರು. ಏನಾಯಿತೆಂದು ನಾನೂ ಕೇಳಿದೆ, ನೀನೂ ಕೇಳಿದೆ, ಬೀದಿಯೆಲ್ಲ ಕೇಳಿತು. ಎಲ್ಲರಿಗೂ ಆ ಹೇಸರಗತ್ತೆಯ ಕಥೆಯೇ ಸಿಕ್ಕಿದ್ದು. ಸಾಮಾನು ಹೊತ್ತ ಹೇಸರಗತ್ತೆ ಬೆಟ್ಟದ ದಾರಿಯಲ್ಲಿ ನಿಂತುಬಿಟ್ಟಿತು, ಅಧಿಕಾರಿ ಬೈದ, ಅಡುಗೆಯವ ಕೈಮುಗಿದ, ಕೊನೆಗೆ ನಿಮ್ಮಪ್ಪ ಹೋಗಿ ಅದರ ಕಿವಿಯಲ್ಲಿ "ನಿಂಗೆ ರಜೆ ಮಂಜೂರಾಗಿದೆ" ಎಂದ ಮೇಲೆ ಓಡತೊಡಗಿತು. ಜನ ನಕ್ಕು ಕೈಯ ವಿಷಯ ಮರೆತು ಎದ್ದುಹೋಗುತ್ತಿದ್ದರು. ಆ ಕೈಯ ಹೆಬ್ಬೆರಳಿಗೆ ಸ್ಪರ್ಶವೇ ಇರಲಿಲ್ಲ ಎನ್ನುವುದು ನಮ್ಮಿಬ್ಬರಿಗೆ ಗೊತ್ತಾದದ್ದೂ ಬಿಸಿ ಪಾತ್ರೆ ಹಿಡಿದು ಸುಟ್ಟುಕೊಂಡಾಗ. ಒಂದು ವರ್ಷ ಮಧ್ಯಾಹ್ನದ ಹೊತ್ತು ಬೂಟು ಹಾಕಿಕೊಂಡೇ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದರು. ಬಿಚ್ಚಲು ಹೋದರೆ ಕಣ್ಣು ಬಿಡದೆಯೇ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಆದರೆ ಮನೆಗೆ ಅಂಟಿಕೊಂಡ ಮೇಲೆ ಎಷ್ಟು ಅಂಟಿಕೊಂಡರು, ನೆನಪಿದೆಯೇ? ನಿನ್ನ ಶಾಲೆಯ ಬಟ್ಟೆಗೆ ಅವರು ಹಾಕಿದ ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಮನೆಯ ಚಪ್ಪಲಿ ಬೂಟುಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ, ಮೂತಿ ಹೊರಗೆ. ನಿನ್ನ ಎರಡು ಜಡೆ ಹೆಣೆಯುವುದನ್ನು ನನ್ನಿಂದ ಕಿತ್ತುಕೊಂಡರು. ಹೆಬ್ಬೆರಳು ಕೈಕೊಡುತ್ತಿದ್ದುದರಿಂದ ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು, ನೀನು ಕಿರುಚುತ್ತಿದ್ದೆ, ಬಾಯಿ ತೆರೆದು ಬೈಯಲು ಅವರಿಗೆ ಆಗುತ್ತಿರಲಿಲ್ಲ. ಎರಡು ಜಡೆ ಎಂದೂ ಸಮ ಬರಲಿಲ್ಲ. ನೀನು ಹಾಗೇ ಶಾಲೆಗೆ ಹೋಗುತ್ತಿದ್ದೆ, ಯಾರಾದರೂ ನಕ್ಕರೆ ಅವರಿಗೇ ಜೋರು ಮಾಡುತ್ತಿದ್ದೆ.

ಮತ್ತೆ ಆ ಎಣಿಕೆ. ಫಿರಂಗಿಯವರು ಗುಂಡು ಹಾರಿದ ಗಳಿಗೆಯಿಂದ ಬಿದ್ದ ಗಳಿಗೆಯವರೆಗೆ ಎಣಿಸಬೇಕಂತೆ. ಎಡಗೈಯ ಐದು ಬೆರಳನ್ನು ಒಂದರ ಹಿಂದೊಂದು ತೊಡೆಯ ಮೇಲೆ ಬಡಿದು ಮುಗಿಸಿದರೆ ಅವರಿಗೆ ಒಂದು ಸೆಕೆಂಡು. ಒಂದು ಬೆರಳೂ ಆಚೀಚೆ ಇಲ್ಲ. ಹಾಲು ಉಕ್ಕುವುದನ್ನು, ಬಸ್ಸು ಬರುವುದನ್ನು, ನಾನು ಸೀರೆ ಉಡುವುದನ್ನು ಎಲ್ಲವನ್ನೂ ಎಣಿಸುತ್ತಿದ್ದರು. ಮೈದಾನದ ಮಕ್ಕಳು ಅವರ ಕಣ್ಣಿಗೆ ಬಟ್ಟೆ ಕಟ್ಟಿ, ನನ್ನ ಕೈಯಲ್ಲಿದ್ದ ಓಟದ ಗಡಿಯಾರ ಒತ್ತಿಸಿ, ಒಂದು ನಿಮಿಷಕ್ಕೆ ನಿಲ್ಲಿಸಿ ಎನ್ನುತ್ತಿದ್ದರು. ಅವರು ನಿಲ್ಲಿಸು ಎಂದಾಗ ಗಡಿಯಾರದ ಮುಳ್ಳು ಅರವತ್ತರ ಮೇಲೇ ಇರುತ್ತಿತ್ತು. ನಿಮಿಷದ ಮೇಷ್ಟ್ರು ಎಂದು ಹೆಸರು ಬಿದ್ದದ್ದು ಅಲ್ಲಿಂದ. ಮೈದಾನದವರು ಮಕ್ಕಳಿಗೆ ಓಟ ಕಲಿಸಿ ಎಂದು ಕೇಳಿದಾಗ ಆರು ತಿಂಗಳು ಎಂದು ಒಪ್ಪಿಕೊಂಡವರು ಹದಿನಾರು ವರ್ಷ ಕಲಿಸಿದರು.

ಗಡಿಯಾರ ನನ್ನ ಕೈಗೆ ಬಂದದ್ದಕ್ಕೆ ಆ ಹೆಬ್ಬೆರಳೇ ಕಾರಣ. ಒತ್ತಿದರೆ ಒತ್ತಿತೋ ಇಲ್ಲವೋ ಅವರಿಗೆ ತಿಳಿಯುತ್ತಿರಲಿಲ್ಲ. ಬಲಗೈಯಲ್ಲಿ ಬಿಳಿ ಬಟ್ಟೆ ಎತ್ತಿ ಇಳಿಸಿ ಓಟ ಬಿಡುತ್ತಿದ್ದರು, ಎಡಗೈ ಎಣಿಕೆಗೆ ಬೇಕು. ಒಂದು ದಿನ ಬುತ್ತಿ ಕೊಡಲು ಹೋದವಳನ್ನು, "ಇವಳೇ, ಇಲ್ಲಿ ಬಾ, ಗೆರೆ ಹತ್ರ ನಿಂತ್ಕೋ" ಎಂದು ಕರೆದು ಕೈಗೆ ಕೊಟ್ಟರು. ಬಟ್ಟೆ ಕೆಳಗಿಳಿದಾಗ ಒತ್ತಬೇಕು, ಬಾಯಿಂದ ಬರುವ ಕೂಗಿಗಲ್ಲ. ಕೊನೆಯಲ್ಲಿ ಎದೆ ಗೆರೆ ದಾಟಿದಾಗ ಒತ್ತಬೇಕು, ಕಾಲು ದಾಟಿದಾಗಲ್ಲ. ಅಷ್ಟೇ ಪಾಠ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಇಪ್ಪತ್ತು ಮಕ್ಕಳು ಏದುಸಿರು ಬಿಡುತ್ತಾ ಬಂದು ಎಷ್ಟಮ್ಮಾ ಎಂದು ನನ್ನನ್ನು ಕೇಳಿದಾಗ ನನಗಾಗುತ್ತಿದ್ದ ಹೆಮ್ಮೆಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಹೇಳಿದ್ದನ್ನು ಅಪ್ಪ ಶಾಯಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ಒಂದು ದಿನವೂ ಮರುಪ್ರಶ್ನೆ ಮಾಡಿದವರಲ್ಲ.

ನೀನು ಹದಿನಾರು ದಾಟಿದ ಆ ಶನಿವಾರ ನಿನಗೆ ಮರೆತಿರುವುದಿಲ್ಲ. ದೂರದ ಊರಿನ ಕ್ರೀಡಾ ಶಾಲೆಗೆ ಮಕ್ಕಳನ್ನು ಆರಿಸುತ್ತಿದ್ದರು. ಮೈದಾನದ ಒಂದು ಪೂರ್ತಿ ಸುತ್ತನ್ನು ಹುಡುಗಿಯರು ಅರವತ್ತು ಸೆಕೆಂಡಿನೊಳಗೆ, ಹುಡುಗರು ಐವತ್ತೆರಡರೊಳಗೆ ಓಡಿರಬೇಕು. ಮೇಷ್ಟ್ರ ಸಹಿ ಬಿದ್ದ ಫಾರಂ ಅದೇ ಮಧ್ಯಾಹ್ನ ಅಂಚೆಗೆ ಬೀಳಬೇಕು. ಎಲ್ಲರಿಗೂ ಒಂದು ದಿನ, ಒಂದು ಓಟ, ಇದು ಅಪ್ಪ ಮಾಡಿದ ನಿಯಮ. ಎರಡನೆಯ ಸಲ ಬಿಟ್ಟರೆ ಮೊದಲನೆಯದನ್ನು ಯಾರೂ ಮನಸ್ಸಿಟ್ಟು ಓಡುವುದಿಲ್ಲ ಎನ್ನುತ್ತಿದ್ದರು. ಆ ದಿನ ಮೊದಲು ಓಡಿದ್ದು ಕುಳ್ಳ. ಐವತ್ತೆರಡರ ಮೇಲೆ ಎರಡು ಹತ್ತನೇ ಭಾಗ ಬಂತು. ಅವನ ಲೆಕ್ಕ ಸರಿಯಾದದ್ದೇ. ನೆಲದ ಮೇಲೆ ಹೊರಳಾಡಿ ಅತ್ತ, ಇನ್ನೊಂದು ಸಲ ಬಿಡಿ ಎಂದು ಕಾಲು ಹಿಡಿದ. ಅಪ್ಪ ಬಿಡಲಿಲ್ಲ. ಆಮೇಲೆ ನೀನು.

ಹಿಂದಿನ ದಿನ ಮಧ್ಯಾಹ್ನ ನಾನು ಒಗೆದ ಬಟ್ಟೆ ಎತ್ತಿಕೊಂಡು ಒಳಗೆ ಬಂದಾಗ ನೀನು ಆ ಹಸಿರು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಅಪ್ಪನ ಹೆಸರಿನ ಕೆಳಗೆ ನಿನ್ನ ಹೆಸರು ಬರೆಯುತ್ತಾ ಕೂತಿದ್ದೆ. ಬರೆದಾದ ಮೇಲೆ ಅದನ್ನು ದಬ್ಬಿಕೊಂಡು ಹೋಗಿ ಬಾಗಿಲ ಪಕ್ಕದಲ್ಲಿಟ್ಟೆ. ಅಲ್ಲೇ, ಆ ಜಾಗದಲ್ಲೇ. "ಅಮ್ಮಾ, ಶಾಲೆ ಮುಗಿದ್ಮೇಲೆ ಸೇನೆಯವರೇ ತಂಡಕ್ಕೆ ತಗೋತಾರಂತೆ" ಎಂದೆ. ನಿನ್ನ ಮುಖ ಹೊಳೆಯುತ್ತಿತ್ತು. ನಾನು ಬಟ್ಟೆ ಮಡಿಸುತ್ತಾ ಹೂಂ ಎಂದೆ.

ಈಗ ಬರೆಯುತ್ತೇನೆ. ಕಾಫಿಗೆಂದು ಎದ್ದು, ಮಾಡದೆ ವಾಪಸು ಬಂದು ಕೂತಿದ್ದೇನೆ.

ಕೊನೆಯ ತಿರುವಿನಲ್ಲಿ ನೀನು ಬರುತ್ತಿದ್ದುದನ್ನು ನೋಡಿದೆ. ಎಡಗಡೆಯ ಜಡೆ ಬಿಚ್ಚಿಹೋಗಿತ್ತು. ನಿನ್ನ ಎದೆ ಸುಣ್ಣದ ಗೆರೆ ದಾಟಿದ್ದನ್ನು ನೋಡಿದೆ. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ನಾನು ಒತ್ತಲಿಲ್ಲ. ಕೈ ಜಾರಲಿಲ್ಲ, ಮರೆಯಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯಲಿಲ್ಲ. ಒತ್ತಬಾರದೆಂದೇ ಒತ್ತಲಿಲ್ಲ. ನೀನು ನಾಲ್ಕೈದು ಹೆಜ್ಜೆ ಮುಂದೆ ಹೋದ ಮೇಲೆ ಒತ್ತಿದೆ. ಅವರು ಬಂದು ಎಷ್ಟು ಎಂದರು. ಅರವತ್ತು, ಏಳು ಎಂದು ಗಡಿಯಾರ ತೋರಿಸಿದೆ. ನನ್ನ ದನಿ ನಡುಗಲೂ ಇಲ್ಲ.

ನೀನು ದೂರ ಹೋದರೆ ಏನಾಗುತ್ತದೋ ಎಂಬ ಭಯ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು, ನಿನಗೆ ಏನೂ ಆಗುತ್ತಿರಲಿಲ್ಲ. ನನಗೆ ಆಗುತ್ತಿತ್ತು. ಹದಿನಾರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬರಿಗಾಗಿ ಕಾದು, ಅವರು ಬಂದು ಎರಡೇ ವರ್ಷಕ್ಕೆ ಇನ್ನೊಬ್ಬಳಿಗಾಗಿ ಕಾಯಲು ಕೂರುವುದು ನನ್ನ ಕೈಲಾಗುತ್ತಿರಲಿಲ್ಲ. ಮನೆಯಲ್ಲಿ ಮೂವರೂ ಇರಬೇಕು ಎನ್ನುವ ಆಸೆಗೆ ನಿನ್ನ ಓಟವನ್ನು ಕೊಂದೆ.

ಮುಂದಿನದು ನಿನಗೇ ಗೊತ್ತು. "ಅಪ್ಪಾ, ಇನ್ನೊಂದ್ಸಲ ಓಡ್ತೀನಿ" ಎಂದೆ. ಒಂದು ದಿನ, ಒಂದು ಓಟ, ಕುಳ್ಳನಿಗೂ ಅಷ್ಟೇ ಹೇಳಿದ್ದೇನೆ ಎಂದರು. "ನಾನು ಕುಳ್ಳ ಅಲ್ಲ, ನಿನ್ನ ಮಗಳು" ಎಂದೆ. ಅವರು ಕೈಗಂಟಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತರು. ನಾನು ಅಲ್ಲೇ ನಾಲ್ಕು ಅಡಿ ದೂರದಲ್ಲಿದ್ದೆ. ಬಾಯಿ ತೆರೆಯಬೇಕಾದ ಗಳಿಗೆ ಅದಾಗಿತ್ತು, ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆವತ್ತಿನಿಂದ ನೀನು ಓಡಲಿಲ್ಲ. ಬೂಟನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಅಪ್ಪನ ಜೊತೆ ಮಾತು ಹೂಂ, ಉಹೂಂಗೆ ಇಳಿಯಿತು. ಹತ್ತೊಂಬತ್ತಕ್ಕೆ ಕನ್ನಡಕದ ಗಾಜು ಉಜ್ಜುವ ಕೆಲಸ ಸಿಕ್ಕಿತೆಂದು ಇನ್ನೊಂದು ಊರಿಗೆ ಹೋದೆ, ಅಲ್ಲೇ ಸಂಸಾರ ಹೂಡಿದೆ. ವರ್ಷಕ್ಕೆರಡು ಸಲ ಬಂದರೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದೆ. ನಿನ್ನನ್ನು ಹೋಗಗೊಡಬಾರದೆಂದು ನಾನು ಮಾಡಿದ್ದರ ಫಲ ಇದು.

ನೀನು ಬಂದಾಗಲೆಲ್ಲ ಅವರು ಹಿತ್ತಲಿಗೆ ಬಂದು "ಇವಳೇ, ಮಿಡತೆ ಬಂದಿದಾಳೆ" ಎಂದು ನನಗೆ ಹೇಳುತ್ತಿದ್ದರು, ಬಾಗಿಲು ತೆರೆದವಳು ನಾನೇ ಆಗಿದ್ದರೂ. ಆಮೇಲೆ ನಿನ್ನ ಬೂಟಿಗೆ ಪಾಲಿಶ್ ಹಾಕುತ್ತಾ ಹೊರಗೆ ಕೂತಿರುತ್ತಿದ್ದರು. ಹೋಗುವಾಗ ಅದು ಹೊಳೆಯುತ್ತಿದ್ದುದನ್ನು ನೀನು ಗಮನಿಸಿದ್ದೆಯೋ ಇಲ್ಲವೋ. ಆಸ್ಪತ್ರೆಯಲ್ಲಿ ನೀನು ಅವರ ಹಾಸಿಗೆಯ ಕಾಲಬದಿಯಲ್ಲಿ ನಿಂತೆ, ತಲೆಬದಿಗೆ ಬರಲಿಲ್ಲ. ಅವರಿಗೆ ಮಾತು ನಿಂತುಹೋಗಿತ್ತು. ನಾನು ಮಧ್ಯದಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದೆ, ಆಗಲೂ ಹೇಳಲಿಲ್ಲ. ನೀನು ಅವರನ್ನು ಕಲ್ಲು ಎಂದುಕೊಂಡೇ ಕಳಿಸಿಕೊಟ್ಟೆ. ಕಲ್ಲು ನಾನು ಮಗಳೇ.

ಇಷ್ಟು ವರ್ಷ ಹೇಳದವಳು ಈಗ ಯಾಕೆ ಎಂದು ನೀನು ಕೇಳಬಹುದು. ಎರಡು ವಾರದ ಹಿಂದೆ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. ಮೊಮ್ಮಗಳನ್ನು ಶಾಲೆಯವರು ಓಟಕ್ಕೆ ಆರಿಸಿದ್ದಾರೆ, ನೀನು ಚೀಟಿಗೆ ಸಹಿ ಹಾಕಲಿಲ್ಲ, ಅವಳು ಊಟ ಬಿಟ್ಟಿದ್ದಾಳೆ ಎಂದೆ. "ನಮ್ಮನೇಲಿ ಓಟ ಯಾರಿಗೂ ಆಗಿಬರಲ್ಲ ಅಂದೆ ಅವಳಿಗೆ" ಎಂದು ನಕ್ಕೆ. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಕಲಸಿದ ಅನ್ನವನ್ನು ಹಾಗೇ ಮುಚ್ಚಿಟ್ಟೆ. ಏಳು ವರ್ಷದ ಆ ಮಗುವಿನ ಕಾಲಿಗೂ ನನ್ನ ಹೆಬ್ಬೆರಳೇ ಅಡ್ಡ ಬಂದಿದೆ. ದಯವಿಟ್ಟು ಚೀಟಿಗೆ ಸಹಿ ಹಾಕು. ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ ಸರಿ, ಅದಕ್ಕೆ ಸಹಿ ಹಾಕು.

ನೀನು ಅರವತ್ತರೊಳಗೆ ಬಂದಿದ್ದೆಯೋ ಇಲ್ಲವೋ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಎಷ್ಟು ಹೊತ್ತು ತಡೆದೆನೋ ನನಗೇ ಗೊತ್ತಿಲ್ಲ. ಅರ್ಧ ಸೆಕೆಂಡಿರಬಹುದು, ಒಂದಿರಬಹುದು. ಅಪ್ಪ ಎಣಿಸಿದ್ದರೆ ಗೊತ್ತಾಗುತ್ತಿತ್ತು. ಆದರೆ ಆವತ್ತು ಅವರು ಎಣಿಸಲಿಲ್ಲ, ಅದನ್ನು ನಾನು ಖಾತ್ರಿ ಮಾಡಿಕೊಂಡಿದ್ದೆ. ಅವರ ಎಡಗೈ ತೊಡೆಯ ಮೇಲಿರಲಿಲ್ಲ, ಪ್ಯಾಂಟಿನ ಜೇಬಿನಲ್ಲಿತ್ತು. ಹೆತ್ತ ಮಗಳು ಓಡುವಾಗ ಯಾವ ಅಪ್ಪನಿಗೆ ಎಣಿಸಲು ಮನಸ್ಸಾಗುತ್ತದೆ ಎಂದುಕೊಂಡೆ. ಅವರು ಏನೂ ತಿಳಿಯದೆ ಹೋದರು ಎನ್ನುವುದೊಂದೇ ಈಗ ನನಗೆ ಉಳಿದಿರುವ ಸಮಾಧಾನ. ನನ್ನನ್ನು ನಂಬಿಯೇ ಹೋದರು.

ಚೆನ್ನಾಗಿದ್ದೇನೆ ಎಂದು ಮೇಲೆ ಬರೆದದ್ದೂ ಪೂರ್ತಿ ನಿಜವಲ್ಲ. ಕೆಲವು ದಿನ ಬಾಯಿ ತೆರೆಯದೆಯೇ ಸಂಜೆಯಾಗಿಬಿಡುತ್ತದೆ. ಮೊನ್ನೆ ಹಾಲಿನವನನ್ನು ಏನೋ ಕೇಳಲು ಹೋದರೆ ಗಂಟಲಿನಿಂದ ಬರೀ ಗೊರಗೊರ ಬಂತು, ಅವನು ಹೆದರಿದ. ಗಡಿಯಾರ ಒತ್ತಿ ತರಕಾರಿಗೆ ಹೋಗುತ್ತೇನೆ, ಬಂದು ನಿಲ್ಲಿಸುತ್ತೇನೆ. ನಿನ್ನೆ ನಲವತ್ತೊಂದು ನಿಮಿಷ. ಹೇಳೋಣ ಎಂದು ತಿರುಗಿದೆ. ಅವರ ಮೂರು ಜೊತೆ ಬೂಟು ಬಾಗಿಲಲ್ಲಿ ಮೂತಿ ಹೊರಗೆ ಮಾಡಿಕೊಂಡು ಹಾಗೇ ಇವೆ. ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ.

ಮಾರ್ಚ್ ಮೂವತ್ತಕ್ಕೆ ನೀನು ಬರಬೇಕು. ಬಂದು ಗಡಿಯಾರ ನೀನು ಹಿಡಿಯಬೇಕು, ನನಗೆ ಆ ಯೋಗ್ಯತೆ ಇಲ್ಲ. ಓಟಕ್ಕೆ ಮೊದಲು ಮಕ್ಕಳೆಲ್ಲರ ಎದುರು ನಾನು ಇದನ್ನು ಹೇಳುತ್ತೇನೆ. ಗಡಿಯಾರದಮ್ಮ ಎಂದು ಕರೆಯುವ ಬಾಯಿಗಳು ಆಮೇಲೆ ಏನೆಂದು ಕರೆಯುತ್ತವೋ ಕರೆಯಲಿ. ನೀನು ಬಾರದಿದ್ದರೂ ಹೇಳುತ್ತೇನೆ. ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಬಿಟ್ಟಿದ್ದೇನೆ. ಒಂದು ಪದ ಬರೆದು ಹದಿನಾಲ್ಕು ವರ್ಷವನ್ನು ಕೈತೊಳೆದುಕೊಂಡ ಹಾಗಾಗುತ್ತದೆ. ಬೈಯುವುದಿದ್ದರೆ ಬಂದು ಎದುರಿಗೆ ಬೈ. ಈ ಮನೆಯಲ್ಲಿ ದನಿ ಏರಿಸಿ ಮಾತಾಡಿದವರನ್ನು ಕೇಳಿ ಬಹಳ ದಿನವಾಯಿತು.

ಮೊಮ್ಮಗಳಿಗೆ ನನ್ನ ಮುತ್ತು. ಅವಳ ಜಡೆ ಸಮವಾಗಿಯೇ ಹೆಣೆಯುತ್ತೀ ತಾನೇ?

ನಿನ್ನ ಓಟಕ್ಕೆ ಅಡ್ಡ ನಿಂತ,
ಅಮ್ಮ

ಮತ್ತೆ ಸೇರಿಸಿದ್ದು: ಮಧ್ಯಾಹ್ನ ಎರಡು ಗಂಟೆ. ಲಕೋಟೆಗೆ ಅಂಟು ಹಚ್ಚುವ ಮೊದಲು, ಅಪ್ಪನ ಲೆಕ್ಕದ ಪುಸ್ತಕದಿಂದ ಆ ಶನಿವಾರದ ಪುಟವನ್ನೂ ನಿನಗೆ ಕಳಿಸೋಣ ಎಂದು ಹಸಿರು ಪೆಟ್ಟಿಗೆ ಇಳಿಸಿದೆ. ಅವರ ಹನ್ನೊಂದು ಪುಸ್ತಕಗಳೂ ಅದರಲ್ಲಿವೆ. ಈವರೆಗೆ ನಾನು ಒಂದನ್ನೂ ತೆರೆದಿರಲಿಲ್ಲ. ಆ ಶನಿವಾರ ಸಿಕ್ಕಿತು. ಕುಳ್ಳ, ಶಾಯಿಯಲ್ಲಿ ೫೨.೨. ಅದರ ಕೆಳಗೆ ಮಿಡತೆ, ಶಾಯಿಯಲ್ಲಿ ೬೦.೭. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣಗೆ, ೫೯.೪. ಆ ಕೈ ಜೇಬಿನೊಳಗೆ ಎಣಿಸುತ್ತಿತ್ತು.

ನೀನು ಅರವತ್ತರೊಳಗೆ ಬಂದಿದ್ದೆ ಮಗಳೇ. ಅವರಿಗೆ ಗೊತ್ತಿತ್ತು. ಹತ್ತಾರು ಮಕ್ಕಳ ಎದುರಿಗೆ ಹೆಂಡತಿಯನ್ನು ಸುಳ್ಳುಗಾತಿ ಎನ್ನಲಾರದೆ ನಿನ್ನ ಕಣ್ಣಲ್ಲಿ ತಾವು ಕೆಟ್ಟವರಾದರು, ಅದನ್ನು ಹೊಟ್ಟೆಗೆ ಹಾಕಿಕೊಂಡು ಹದಿನಾಲ್ಕು ವರ್ಷ ನನ್ನ ಪಕ್ಕದಲ್ಲೇ ನಿಂತರು. ನಿನಗೆ ಅವರ ಮೇಲೂ ಸಿಟ್ಟು ಬರಬಹುದು. ಬಂದರೆ ಅದು ನ್ಯಾಯವೇ.

ಆ ದಿನಕ್ಕೆ ಮೊದಲು ಯಾವ ಪುಸ್ತಕದಲ್ಲೂ ಪೆನ್ಸಿಲ್ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಮಗು, ಪ್ರತಿ ಓಟ, ಶಾಯಿಯ ಪಕ್ಕದಲ್ಲಿ ಪೆನ್ಸಿಲ್. ನಾನು ಮತ್ತೆಂದೂ ತಪ್ಪು ಒತ್ತಲಿಲ್ಲ, ಶಾಯಿಯೂ ಪೆನ್ಸಿಲ್ಲೂ ಒಂದೆರಡು ಹತ್ತನೇ ಭಾಗದೊಳಗೆ ಹೊಂದುತ್ತಲೇ ಹೋಗಿವೆ. ಆದರೂ ಎಣಿಸುತ್ತಲೇ ಇದ್ದರು. ಗಡಿಯಾರವನ್ನು ಮಾತ್ರ ದಿನವೂ ನನ್ನ ಕೈಗೇ ಕೊಟ್ಟರು.

ಕೊನೆಯ ಪುಸ್ತಕದಲ್ಲಿ, ಆಸ್ಪತ್ರೆ ಸೇರುವ ಮೊದಲಿನ ಮೂರು ವಾರ ಬರೀ ಶಾಯಿ ಇದೆ, ಪೆನ್ಸಿಲ್ ಇಲ್ಲ. ಕೊನೆಗೆ ನನ್ನನ್ನು ನಂಬಿದರೋ, ಬೆರಳಿಗೆ ಎಣಿಸುವ ಶಕ್ತಿ ಉಳಿದಿರಲಿಲ್ಲವೋ ಗೊತ್ತಾಗುತ್ತಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಆಗಿನಿಂದ ಕೂತಿದ್ದೇನೆ. ಕೇಳೋಣ ಎಂದರೆ ಮನೆಯಲ್ಲಿ ಯಾರೂ ಇಲ್ಲ.